ಮನೆವಾರ್ತೆ: ಗಾಜಿನ ಮೇಲೆ ಕೂತ ಸುಣ್ಣ



ಈ ಅಂಕಣದಲ್ಲಿ ಸಾಮಾನ್ಯವಾಗಿ ಅಡಿಗೆಮನೆಯ ಒಳಗಿನ ಮಾತೇ ಬರುತ್ತದೆ. ಈ ಸಲ ಹೊಸ್ತಿಲು ದಾಟಿ ಅಂಗಳಕ್ಕೆ ಬರೋಣ. ಅಂಗಳದಲ್ಲಿ ನಿಂತ ಕಾರಿಗೂ ನಮಗೂ ಏನು ಸಂಬಂಧ, ಅದು ಗಂಡಸರ ಬಾಬತ್ತು ಎಂದು ಪುಟ ತಿರುವಬೇಡಿ. ನಡೆಸುವವರು ಯಾರೇ ಇರಲಿ, ತೊಳೆಯುವವರು ಯಾರು? ನಮ್ಮ ಶಿಗ್ಗಾಂವದಂಥ ಊರಿನಲ್ಲಿ ಬೆಳಿಗ್ಗೆ ಅಂಗಳಕ್ಕೆ ಥಳಿ ಹೊಡೆಯುವಾಗ ಅದೇ ಪೈಪಿನಿಂದ ಕಾರಿಗೂ ನಾಲ್ಕು ಸುತ್ತು ನೀರು ಬಿಡುವವರು ನಾವೇ ಅಲ್ಲವೇ? ಆ ನಾಲ್ಕು ಸುತ್ತು ನೀರಿನಿಂದಲೇ ನಮ್ಮ ಮನೆಗೆ ಒಂದು ಅನಾಹುತ ಬರುವುದಿತ್ತು. ದೇವರು ದೊಡ್ಡವನು, ಕೂದಲೆಳೆಯಲ್ಲಿ ತಪ್ಪಿತು. ನನ್ನ ತಪ್ಪಿನಿಂದ ನೀವಾದರೂ ಪಾಠ ಕಲಿಯಿರಿ ಎಂದು ಇದನ್ನು ಬರೆಯುತ್ತಿದ್ದೇನೆ.

ಖಂಡೇಪೂಜೆಯ ದಿನ ಎಲ್ಲರ ಮನೆಯಲ್ಲಿ ಮಾಡುವಂತೆ ನಾನೂ ಕಾರನ್ನು ಬೋರವೆಲ್ ನೀರಿನಿಂದ ಚೆನ್ನಾಗಿ ತೊಳೆದೆ. ಹೊತ್ತು ನೆತ್ತಿಗೆ ಬಂದಿತ್ತು. ಒಳಗೆ ಹೋಳಿಗೆಯ ಕಣಕ ಕಾಯುತ್ತಿತ್ತು. ‘ಬಿಸಿಲಿಗೆ ತಾನೇ ಆರತದ ಬಿಡು’ ಎಂದು ಒರೆಸದೆ ಹಾಗೇ ಬಿಟ್ಟೆ. ಕುಂಕುಮ, ಚೆಂಡು ಹೂವಿನ ಮಾಲೆ ಎಲ್ಲ ಆಯಿತು. ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸಿದ್ದೂ ಆಯಿತು. ಅದೊಂದೇ ದಿನ ಅಲ್ಲ, ಎರಡು ವರ್ಷದಿಂದ ವಾರಕ್ಕೊಮ್ಮೆ ನಾನು ತೊಳೆಯುತ್ತಿದ್ದುದೇ ಹೀಗೆ.

ಅದಾಗಿ ಹದಿನೈದು ದಿನಕ್ಕೆ ಹುಬ್ಬಳ್ಳಿಯಲ್ಲಿ ಒಂದು ಮದುವೆ. ಮುಗಿಸಿಕೊಂಡು ಹೊರಡುವಾಗ ಕತ್ತಲಾಗಿತ್ತು. ತಡಸ ಕ್ರಾಸ್ ದಾಟಿ, ಹೆದ್ದಾರಿ ಬಿಟ್ಟು ಊರ ದಾರಿಗೆ ಹೊರಳಿದ ಮೇಲೆ ಎದುರಿನಿಂದ ಒಂದು ಲಾರಿ ಬಂತು. ಅದರ ದೀಪ ಬಿದ್ದದ್ದೇ ತಡ, ಮುಂದಿನ ಗಾಜಿಗೆ ಯಾರೋ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಯಿತು. ದಾರಿಯೂ ಇಲ್ಲ, ದಂಡೆಯೂ ಇಲ್ಲ. ನಮ್ಮ ಮನೆಯವರು ಗಾಬರಿಯಿಂದ ಬ್ರೇಕ್ ತುಳಿದರು. ಲಾರಿ ದಾಟಿದ ಮೇಲೆ ನೋಡಿದರೆ ಎದುರಿಗೆ ಗೋವಿನಜೋಳ ಹೇರಿದ ಟ್ರ್ಯಾಕ್ಟರ್ ಟ್ರೇಲರ್! ಹಿಂದೆ ದೀಪ ಇಲ್ಲ. ನಮಗೂ ಅದಕ್ಕೂ ನಡುವೆ ನಾಲ್ಕು ಮೊಳ ಜಾಗ ಇದ್ದಿರಬೇಕು. ಹಿಂದೆ ಕೂತಿದ್ದ ನಮ್ಮ ಅತ್ತೆಯವರು ‘ಯಪ್ಪಾ ಶಿವನ’ ಎಂದವರು ಮನೆ ಮುಟ್ಟುವವರೆಗೆ ಮಾತಾಡಲಿಲ್ಲ.

ಆ ರಾತ್ರಿ ನಮ್ಮ ಮನೆಯವರು ಊಟ ಮಾಡಲಿಲ್ಲ. ‘ನನ್ನ ಕಣ್ಣು ಹ್ವಾದುವು. ಪೊರಿ ಬಂದಿರಬೇಕು. ಇನ್ನ ರಾತ್ರಿ ಗಾಡಿ ಹೊಡ್ಯಾಂಗಿಲ್ಲ’ ಅಂದರು. ಐವತ್ತೈದು ದಾಟಿದ ಮನುಷ್ಯನಿಗೆ ಅಂಥ ಮಾತು ಹೇಳಬೇಕಾದರೆ ಎಷ್ಟು ನೋವಾಗಿರಬೇಕು ನೋಡಿ. ಕಣ್ಣಿನ ಡಾಕ್ಟರರ ಕಡೆ ಹೋದೆವು. ಅವರು ಪರೀಕ್ಷೆ ಮಾಡಿ, ಪೊರೆಯೂ ಇಲ್ಲ, ಚಷ್ಮಾದ ನಂಬರೂ ಬದಲಾಗಿಲ್ಲ ಎಂದು ಕಳಿಸಿದರು. ಹಾಗಾದರೆ ಕಣ್ಣಿಗೆ ಕತ್ತಲೆ ಕವಿದದ್ದು ಯಾಕೆ?

ಉತ್ತರ ಸಿಕ್ಕಿದ್ದು ಮರುದಿನ ಬೆಳಿಗ್ಗೆ. ಅಂಗಳ ಗುಡಿಸುವಾಗ ಎಳೆಬಿಸಿಲು ಓರೆಯಾಗಿ ಕಾರಿನ ಗಾಜಿಗೆ ಬಿದ್ದಿತ್ತು. ಗಾಜಿನ ತುಂಬ ಉಂಗುರ ಉಂಗುರವಾದ ಬಿಳಿ ಚುಕ್ಕೆ. ಸುಣ್ಣ ಬಳಿಯುವಾಗ ಕುಂಚದಿಂದ ಸಿಡಿದ ಹನಿಗಳಂತೆ. ನಡುಹಗಲು ನೋಡಿದರೆ ಅವು ಕಾಣುವುದೇ ಇಲ್ಲ. ಒಂದು ಹಸಿ ಅರಿವೆಯಿಂದ ಒರೆಸಿದೆ, ಮಾಯವಾದವು. ‘ಅಯ್ಯ, ಇಷ್ಟ ಹೌದಿಲ್ಲೋ’ ಎಂದು ಸಮಾಧಾನಪಟ್ಟುಕೊಂಡೆ. ನೀರು ಆರಿತು, ಮತ್ತೆ ಎಲ್ಲ ಪ್ರತ್ಯಕ್ಷ!

ಅವರ ಕಣ್ಣಿಗೆ ಪೊರೆ ಬಂದಿರಲಿಲ್ಲ. ಕಾರಿನ ಕಣ್ಣಿಗೆ ಪೊರೆ ಬಂದಿತ್ತು. ತಂದವಳು ನಾನು.

ಈ ಬಿಳಿ ಚುಕ್ಕೆ ಏನು?

ನಮ್ಮ ಅಜ್ಜಿ ದಿನಾ ಸಂಜೆ ಕಂದೀಲಿನ ಗಾಜನ್ನು ಬೂದಿ ಹಚ್ಚಿ ಒರೆಸುತ್ತಿದ್ದಳು. ಅದು ಮಸಿ. ಗಾಜಿನ ಮೇಲೆ ಸುಮ್ಮನೆ ಕೂತಿರುತ್ತದೆ, ಒರೆಸಿದರೆ ಏಳುತ್ತದೆ. ಆದರೆ ಕಾರಿನ ಗಾಜಿನ ಮೇಲಿನ ಚುಕ್ಕೆ ಹೊಲಸಲ್ಲ. ಅದು ಕಲ್ಲು. ಅಂದರೆ ನೀರಿನಲ್ಲಿ ಕರಗಿದ್ದ ಸುಣ್ಣ, ನೀರು ಆರಿದ ಮೇಲೆ ಗಾಜಿನ ಮೇಲೆ ಮತ್ತೆ ಕಲ್ಲಾಗಿ ಕೂತದ್ದು.

ಮಳೆ ನೀರು ಬೀಳುವಾಗ ಬಹಳ ಮೆದು. ಆದರೆ ಅದು ಮಣ್ಣಿನೊಳಗೆ ಇಳಿಯುವಾಗ ಅಲ್ಲಿರುವ ಇಂಗಾಲದ ಡೈಆಕ್ಸೈಡ್ ಎಂಬ ಅನಿಲವನ್ನು ಕೂಡಿಸಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಸೋಡಾ ಬಾಟಲಿಯಲ್ಲಿ ಗುಳ್ಳೆ ಏಳುವುದೂ ಇದೇ ಅನಿಲದಿಂದ. ಈ ಹುಳಿ ನೀರು ದಾರಿಯಲ್ಲಿ ಸಿಕ್ಕ ಸುಣ್ಣವನ್ನು ಕರಗಿಸಿಕೊಳ್ಳುತ್ತ ಕೆಳಗಿಳಿಯುತ್ತದೆ. ನಮ್ಮ ಕಡೆಯ ಎರೆಹೊಲಗಳಲ್ಲಿ ನೇಗಿಲು ಹೊಡೆಯುವಾಗ ಬಿಳಿ ಸುಣ್ಣದ ಹರಳು ಮೇಲೆ ಬರುವುದನ್ನು ಎಲ್ಲರೂ ನೋಡಿದ್ದೀರಿ. ಆ ಹರಳನ್ನೇ ಸುಟ್ಟು ಹಿಂದೆ ಮನೆ ಕಟ್ಟುವ ಸುಣ್ಣ ಮಾಡುತ್ತಿದ್ದರು. ಇಂಥ ಮಣ್ಣು, ಕಲ್ಲುಗಳ ಒಳಗಿನಿಂದ ಹಾದು ಬಂದ ನೀರೇ ಬೋರವೆಲ್ಲಿನಲ್ಲಿ ಮೇಲೆ ಬರುತ್ತದೆ. ಪುಸ್ತಕದಲ್ಲಿ ಅದಕ್ಕೆ ಗಡಸು ನೀರು ಎನ್ನುತ್ತಾರೆ, ನಾವು ಸವಳು ನೀರು ಎನ್ನುತ್ತೇವೆ. ಆ ನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲ, ಸಬಕಾರ ನೊರೆ ಬಿಡುವುದಿಲ್ಲ, ತಲೆ ತೊಳೆದುಕೊಂಡರೆ ಕೂದಲು ಒರಟಾಗುತ್ತದೆ. ನಮಗೆ ಇವೆಲ್ಲ ಗೊತ್ತೇ ಇರುವ ಮಾತು.

ಆ ನೀರು ಗಾಜಿನ ಮೇಲೆ ಬಿದ್ದು ಆರಿದಾಗ ಅನಿಲ ಹಾರಿಹೋಗುತ್ತದೆ, ನೀರು ಆವಿಯಾಗುತ್ತದೆ, ಸುಣ್ಣ ಎಲ್ಲಿಗೆ ಹೋಗಬೇಕು? ಅಲ್ಲೇ ಕೂತುಬಿಡುತ್ತದೆ. ಹನಿ ಅಂಚಿನಿಂದ ಮೊದಲು ಆರುವುದರಿಂದ ಅಂಚಿನಲ್ಲೇ ಹೆಚ್ಚು ಸುಣ್ಣ ಉಳಿದು ಉಂಗುರದ ಆಕಾರ ಬರುತ್ತದೆ.

ಲೆಕ್ಕ ಬೇಕೆನ್ನುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಭಾರತೀಯ ಮಾನಕ ಬ್ಯೂರೋ 2012ರಲ್ಲಿ ಪರಿಷ್ಕರಿಸಿದ ಕುಡಿಯುವ ನೀರಿನ ಮಾನಕದ ಪ್ರಕಾರ ಒಂದು ಲೀಟರಿನಲ್ಲಿ ಗಡಸುತನ 200 ಮಿಲಿಗ್ರಾಂವರೆಗೆ ಇದ್ದರೆ ಒಳ್ಳೆಯದು. ಬೇರೆ ನೀರಿನ ಆಸರೆ ಇಲ್ಲದಿದ್ದರೆ 600ರವರೆಗೂ ನಡೆಯುತ್ತದೆ. 600 ಇರುವ ನೀರನ್ನು 15 ಲೀಟರಿನ ಬಕೆಟ್ಟಿನಲ್ಲಿ ತುಂಬಿದರೆ ಅದರಲ್ಲಿ 9 ಗ್ರಾಂ ಸುಣ್ಣ ಇದ್ದಂತಾಯಿತು! ಬಕೆಟ್ಟಿನ ನೀರೆಲ್ಲ ಕಾರಿನ ಮೇಲೆ ನಿಲ್ಲುವುದಿಲ್ಲ ನಿಜ. ಆದರೆ ವಾರವಾರ ಹನಿಹನಿಯಾಗಿ ಉಳಿದದ್ದೇ ಎರಡು ವರ್ಷದಲ್ಲಿ ನಮ್ಮ ಗಾಜಿಗೆ ಗೋಡೆ ಕಟ್ಟಿತು.

ಹಗಲು ಕಾಣದ ಈ ಚುಕ್ಕೆ ರಾತ್ರಿ ಯಾಕೆ ಕಾಡುತ್ತದೆ ಎಂದರೆ, ಎದುರಿನ ವಾಹನದ ದೀಪ ಗಾಜಿನ ಮೇಲೆ ಬಿದ್ದಾಗ ಪ್ರತಿಯೊಂದು ಚುಕ್ಕೆಯೂ ಬೆಳಕನ್ನು ನಾಲ್ಕು ದಿಕ್ಕಿಗೆ ಚೆದುರಿಸುತ್ತದೆ. ಸಾವಿರ ಚುಕ್ಕೆ ಇದ್ದರೆ ಸಾವಿರ ಸಣ್ಣ ದೀಪ ಹೊತ್ತಿದಂತೆ. ಅವುಗಳ ಹಿಂದೆ ಇರುವ ಕತ್ತಲೆಯ ಎತ್ತಿನಗಾಡಿ, ಸೈಕಲ್ಲು, ಕಂಬಳಿ ಹೊದ್ದ ಮನುಷ್ಯ ಯಾರೂ ಕಾಣುವುದಿಲ್ಲ. ನಮ್ಮ ಊರಿನ ಪಕ್ಕದಲ್ಲೇ ಪುಣೆ–ಬೆಂಗಳೂರು ಹೆದ್ದಾರಿ. ಹಿಂದೆ ಅದು 4ನೇ ನಂಬರಿನ ಹೆದ್ದಾರಿ, ಈಗ 48. ಶಿಶುನಾಳಕ್ಕೆ, ಬಾಡಕ್ಕೆ, ಸವಣೂರಿಗೆ ಹೋಗುವ ಸಣ್ಣ ದಾರಿಗಳಲ್ಲಂತೂ ದೀಪವಿಲ್ಲದ ಗಾಡಿಗಳೇ ಹೆಚ್ಚು. ಆದ್ದರಿಂದ ಇದು ಬರೀ ಕಾರು ಚೆಂದ ಕಾಣುವ ಪ್ರಶ್ನೆ ಅಲ್ಲ, ಮನೆಯವರು ಸುರಕ್ಷಿತವಾಗಿ ಮನೆ ಮುಟ್ಟುವ ಪ್ರಶ್ನೆ.

ತಿಕ್ಕಬೇಡಿ, ಕರಗಿಸಿ

ಕಲೆ ಕಂಡೊಡನೆ ನಮ್ಮ ಕೈ ತಂತಿಯ ಬ್ರಷ್ಷಿಗೆ, ಬೂದಿಗೆ, ಇಟ್ಟಂಗಿ ಪುಡಿಗೆ ಹೋಗುತ್ತದೆ. ನನ್ನ ಕೈಯೂ ಹೋಗಿತ್ತು. ಪುಣ್ಯಕ್ಕೆ ಒಂದು ಮೂಲೆಯಲ್ಲಿ ತಿಕ್ಕಿ ನೋಡಿ ನಿಲ್ಲಿಸಿದೆ. ಚುಕ್ಕೆ ಹೋಗಲಿಲ್ಲ, ಅದರ ಸುತ್ತ ಸಣ್ಣ ಗೀರು ಬಿದ್ದವು. ಬೂದಿ, ಇಟ್ಟಂಗಿ ಪುಡಿಯಲ್ಲಿ ಮರಳಿನ ಕಣ ಇರುತ್ತದೆ, ಮರಳು ಗಾಜಿಗಿಂತ ಗಟ್ಟಿ. ಸುಣ್ಣವನ್ನು ಕರಗಿಸಬಹುದು, ಗೀರನ್ನು ಏನು ಮಾಡುವುದು?

ನಮ್ಮ ವೈನಿ ಬಂದು, ‘ಬಚ್ಚಲಕ ಹಾಕೂ ಆಸಿಡ್ ಒಂದೀಟ ಹಚ್ಚರಿ, ಚಟಕ್ಕನ ಹೊಕ್ಕೈತಿ’ ಅಂದರು. ಕೈ ಮುಗಿದು ಬೇಡವೆಂದೆ. ನೀವೂ ಬೇಡವೆನ್ನಿ. ಅದರ ಹೊಗೆ ಎದೆಗೆ ಕೆಟ್ಟದ್ದು, ಕೈ ಕಣ್ಣು ಸುಡುತ್ತದೆ, ಕಾರಿನ ಬಣ್ಣವನ್ನೂ ತಗಡನ್ನೂ ತಿನ್ನುತ್ತದೆ. ಅದರ ಜೊತೆ ಬ್ಲೀಚಿಂಗ್ ಪೌಡರ್ ಸೇರಿತೆಂದರೆ ಕ್ಲೋರಿನ್ ಎಂಬ ವಿಷದ ಗಾಳಿ ಏಳುತ್ತದೆ. ಬಾಗಿಲು ಮುಚ್ಚಿದ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ. ಬ್ಲೀಚಿಂಗ್ ಪೌಡರಿಗೆ ಯಾವ ಹುಳಿಯನ್ನೂ, ವಿನೆಗರನ್ನೂ ಸಹ, ಸೇರಿಸಬಾರದು. ಈ ಮಾತನ್ನು ಬಚ್ಚಲ ಬಾಗಿಲ ಮೇಲೆ ಬರೆದಿಟ್ಟರೂ ತಪ್ಪಿಲ್ಲ.

ಹಾಗಾದರೆ ಉಪಾಯ? ನಮ್ಮ ಹಿರಿಯರು ತಾಮ್ರ ಹಿತ್ತಾಳೆಗೆ ಹುಣಿಸೆಹಣ್ಣು ಹಚ್ಚುತ್ತಿದ್ದರಲ್ಲ, ಅದರಲ್ಲೇ ಉಪಾಯ ಇದೆ. ಹುಳಿ ತಿಕ್ಕುವುದಿಲ್ಲ, ಕರಗಿಸುತ್ತದೆ. ಸುಣ್ಣಕ್ಕೆ ಹುಳಿಯೇ ಮದ್ದು. ಒಂದು ಚಿಟಿಕೆ ಎಲೆಅಡಿಕೆಯ ಸುಣ್ಣದ ಮೇಲೆ ನಿಂಬೆರಸ ಹಿಂಡಿ ನೋಡಿ, ಸುಣ್ಣ ಕರಗುತ್ತ ಹೋಗುತ್ತದೆ. ಖಂಡೇಪೂಜೆಯ ದಿನ ಗಾಲಿಯ ಕೆಳಗೆ ಒಡೆದ ನಿಂಬೆಹಣ್ಣು ಗಾಜಿಗೇ ಬೇಕಾಗಿತ್ತು ಎಂದು ನನಗೆ ಹೊಳೆದದ್ದು ಆಗ!

ಬೇಕಾಗುವ ಸಾಮಾನು

ಬಿಳಿ ವಿನೆಗರ್ 1 ಬಟ್ಟಲು, ಅಷ್ಟೇ ನೀರು. ವಿನೆಗರ್ ಇಲ್ಲದಿದ್ದರೆ ಕಿರಾಣಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, 1 ದೊಡ್ಡ ಚಮಚ. ಅದನ್ನು ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿಕೊಳ್ಳಿ. ಇದೇ ಅಗ್ಗ, ವಾಸನೆಯೂ ಇಲ್ಲ. ಎರಡೂ ಇಲ್ಲದಿದ್ದರೆ 4–5 ನಿಂಬೆಹಣ್ಣಿನ ರಸವನ್ನು ಬೀಜ, ತಿರುಳು ಬಾರದಂತೆ ಸೋಸಿಕೊಳ್ಳಿ.

ಹಳೆಯ ಧೋತರದ ಮೆತ್ತಗಿನ ಅರಿವೆ 4 ತುಂಡು. ಒಂದು ದಪ್ಪ ಟವೆಲ್. ಅಡಿಗೆ ಸೋಡಾ 2 ಚಮಚ. ಕೊನೆಗೆ ತೊಳೆಯಲು ಒಂದು ಕೊಡ ಮಳೆ ನೀರು. ಮಳೆ ನೀರು ಇಲ್ಲದಿದ್ದರೆ ಶುದ್ಧ ಕುಡಿಯುವ ನೀರಿನ ಘಟಕದ ನೀರು.

ಮಾಡುವ ವಿಧಾನ

1. ಗಾಡಿಯನ್ನು ನೆರಳಿಗೆ ತಂದು ನಿಲ್ಲಿಸಿ. ಬೆಳಗಿನ ಹೊತ್ತು ಅಥವಾ ಸಂಜೆ ಒಳ್ಳೆಯದು. ಗಾಜು ಕೈಗೆ ತಣ್ಣಗೆ ಹತ್ತಬೇಕು. ಕಾದ ಗಾಜಿನ ಮೇಲೆ ಹುಳಿ ನೀರು ಕೂಡಲೇ ಆರಿಬಿಡುತ್ತದೆ, ಕೆಲಸ ಆಗುವುದಿಲ್ಲ.

2. ಮೊದಲು ಬರೀ ನೀರು ಹೊಯ್ದು ಧೂಳು ಇಳಿಸಿ. ಒಣ ಅರಿವೆಯಿಂದ ಧೂಳು ಒರೆಸಬೇಡಿ. ಆಮೇಲೆ ಪಾತ್ರೆ ತೊಳೆಯುವ ಸಾಬೂನಿನ ನೀರಿನಿಂದ ಜಿಡ್ಡು ತೆಗೆಯಿರಿ. ಜಿಡ್ಡಿನ ಮೇಲೆ ಹುಳಿ ಹಿಡಿಯುವುದಿಲ್ಲ.

3. ಗಾಜಿನ ಕೆಳ ಅಂಚಿನಲ್ಲಿ ದಪ್ಪ ಟವೆಲ್ಲನ್ನು ನೀರಿನಲ್ಲಿ ತೋಯಿಸಿ ಹಾಸಿ. ಹುಳಿ ನೀರು ಇಳಿದು ಬಣ್ಣದ ಮೇಲೆ, ರಬ್ಬರಿನ ಮೇಲೆ ನಿಲ್ಲಬಾರದು.

4. ಅರಿವೆಯನ್ನು ಹುಳಿ ನೀರಿನಲ್ಲಿ ಅದ್ದಿ, ಸ್ವಲ್ಪ ಹಿಂಡಿ, ಜ್ವರ ಬಂದವರ ಹಣೆಗೆ ಪಟ್ಟಿ ಹಾಕಿದ ಹಾಗೆ ಗಾಜಿನ ಮೇಲೆ ಅಂಟಿಸಿ. 5ರಿಂದ 10 ನಿಮಿಷ ಬಿಡಿ. ಆರುವಂತೆ ಕಂಡರೆ ಮತ್ತೆ ಹುಳಿ ನೀರು ಚಿಮುಕಿಸಿ. ಇಡೀ ಗಾಜಿಗೆ ಒಮ್ಮೆಲೇ ಬೇಡ, ಒಂದು ಮೊಳದಷ್ಟು ಜಾಗ ತೆಗೆದುಕೊಳ್ಳಿ.

5. ಅದೇ ಅರಿವೆಯಿಂದ ಹಗುರಾಗಿ ಸುತ್ತು ಸುತ್ತಾಗಿ ಒರೆಸಿ, ನೀರು ಹೊಯ್ಯಿರಿ. ಬೆರಳ ತುದಿಯಿಂದ ಮುಟ್ಟಿ ನೋಡಿ. ನುಣ್ಣಗಿದ್ದರೆ ಆಯಿತು. ಇನ್ನೂ ಚರಚರ ಎಂದರೆ ಮತ್ತೊಮ್ಮೆ ಪಟ್ಟಿ ಹಾಕಿ. ನಮ್ಮ ಗಾಜಿಗೆ ಮೂರು ಸಲ ಬೇಕಾಯಿತು. ಎರಡು ವರ್ಷದ ಸುಣ್ಣ ಎರಡು ನಿಮಿಷದಲ್ಲಿ ಹೋಗೆಂದರೆ ಹೋದೀತೇ?

6. ಅಲ್ಲಲ್ಲಿ ಹಟ ಹಿಡಿದ ಚುಕ್ಕೆ ಉಳಿದಿದ್ದರೆ, ಹುಳಿಯನ್ನು ಪೂರ್ತಿ ತೊಳೆದ ಮೇಲೆ, ಅಡಿಗೆ ಸೋಡಾವನ್ನು ನೀರಿನಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ ಬೆರಳಿನಿಂದ ತಿಕ್ಕಿ. ಸೋಡಾ ಗಾಜಿಗಿಂತ ಬಹಳ ಮೆದು, ಗೀರು ಬೀಳುವುದಿಲ್ಲ. ಆದರೆ ಸೋಡಾ ಮತ್ತು ವಿನೆಗರನ್ನು ಒಟ್ಟಿಗೆ ಕಲಸಬೇಡಿ. ಬುರುಬುರು ನೊರೆ ಬರುವುದನ್ನು ನೋಡಿ ಭಾರೀ ಕೆಲಸ ಆಗುತ್ತಿದೆ ಎನಿಸುತ್ತದೆ. ಒಂದು ಹುಳಿ, ಇನ್ನೊಂದು ಕ್ಷಾರ. ಎರಡೂ ಸೇರಿ ಒಂದರ ಬಲ ಒಂದು ಕಳೆದುಕೊಳ್ಳುತ್ತವೆ, ಗಾಜಿಗೆ ಉಳಿಯುವುದು ಬರೀ ಉಪ್ಪುನೀರು.

7. ಕೊನೆಗೆ ಮಳೆ ನೀರು ಹೊಯ್ದು, ಒಣ ಅರಿವೆಯಿಂದ ಆಗಲೇ ಒರೆಸಿ. ‘ತಾನೇ ಆರಲಿ’ ಎಂದರೆ ಮತ್ತೆ ನನ್ನ ಕತೆಯೇ!

ಕೈಯಲ್ಲಿ ಗಾಯ ಇದ್ದವರು ರಬ್ಬರಿನ ಕೈಚೀಲ ಹಾಕಿಕೊಳ್ಳಿ, ಉರಿಯುತ್ತದೆ. ಹಿಂದಿನ ಗಾಜಿನ ಒಳಬದಿಗೆ ಸಣ್ಣ ಗೆರೆಗಳಿದ್ದರೆ ಅವು ಮಂಜು ಕರಗಿಸುವ ತಂತಿಗಳು. ಅಲ್ಲಿ ಹುಳಿಯೂ ಬೇಡ, ತಿಕ್ಕುವುದೂ ಬೇಡ. ಒಳಗೆ ಬಣ್ಣದ ಹಾಳೆ ಅಂಟಿಸಿದ್ದರೆ ಅದಕ್ಕೂ ಇದೇ ಮಾತು, ಹಸಿ ಅರಿವೆಯೇ ಸಾಕು.

ಇನ್ನೊಂದು ಎಚ್ಚರಿಕೆ. ಕೆಲಸ ಮುಗಿಸಿದ ಉತ್ಸಾಹದಲ್ಲಿ ನಾನು ಉಳಿದ ಹುಳಿ ನೀರಿನ ಬುಟ್ಟಿಯನ್ನು ಪಡಸಾಲೆಯ ಶಹಾಬಾದ್ ಕಲ್ಲಿನ ಮೇಲೆ ಇಟ್ಟೆ. ತಳ ಒದ್ದೆಯಾಗಿತ್ತು. ಮರುದಿನ ಎತ್ತಿದರೆ ಕಲ್ಲಿನ ಮೇಲೆ ದುಂಡಗೆ ಬಿಳಿ ಬಳೆ ಬಿದ್ದಿತ್ತು. ಯಾಕೆಂದರೆ ಶಹಾಬಾದ್ ಕಲ್ಲೂ ಸುಣ್ಣದಕಲ್ಲೇ! ಕಡಪಾ ಕಲ್ಲು, ಅಮೃತಶಿಲೆ ಕೂಡ ಅದೇ ಜಾತಿ. ಗಾಜಿನ ಮೇಲಿನ ಸುಣ್ಣವನ್ನು ತಿನ್ನುವ ಹುಳಿ ನೆಲದ ಸುಣ್ಣವನ್ನು ಬಿಟ್ಟೀತೇ? ಆ ಬಳೆ ಈಗಲೂ ಇದೆ. ಬಂದವರಿಗೆ ಕಾಣದಂತೆ ಮೇಲೆ ಮಣೆ ಹಾಕಿದ್ದೇನೆ.

ಹೋಗದೇ ಇದ್ದರೆ?

ಎಲ್ಲ ಕಲೆಯೂ ಹುಳಿಗೆ ಬಗ್ಗುವುದಿಲ್ಲ. ನೀರಿನಲ್ಲಿ ಸುಣ್ಣದ ಜೊತೆ ಸಿಲಿಕಾ ಎಂಬ ಮರಳಿನ ಅಂಶವೂ ಕರಗಿರುತ್ತದೆ. ಅದು ಹೆಚ್ಚುಕಡಿಮೆ ಗಾಜಿನ ಜಾತಿಯದೇ, ನಿಂಬೆಹಣ್ಣಿಗೆ ಹೆದರುವುದಿಲ್ಲ. ಅಲ್ಲದೆ ಕಲೆ ಬಹಳ ದಿನ ಹಾಗೇ ಉಳಿದರೆ ಗಾಜಿನ ಮೈಯನ್ನೇ ನಿಧಾನವಾಗಿ ತಿನ್ನುತ್ತದೆ. ಆಗ ಅದು ಗಾಜಿನ ಮೇಲಿನ ಕಲೆಯಾಗಿ ಉಳಿಯದೆ ಗಾಜಿನದೇ ಗಾಯವಾಗುತ್ತದೆ. ಮೂರು ನಾಲ್ಕು ಸಲ ಪಟ್ಟಿ ಹಾಕಿಯೂ ಹೋಗದಿದ್ದರೆ ಹೀಗಾಗಿದೆ ಎಂದು ತಿಳಿಯಿರಿ. ಅದಕ್ಕೆ ಸೀರಿಯಂ ಆಕ್ಸೈಡ್ ಎಂಬ ಪುಡಿಯಿಂದ ಗಾಜನ್ನು ಹೊಳಪು ಮಾಡುವವರು ಹುಬ್ಬಳ್ಳಿಯಂಥ ಊರುಗಳಲ್ಲಿ ಸಿಗುತ್ತಾರೆ. ಮನೆಯಲ್ಲಿ ಮಾಡಲು ಹೋಗಬೇಡಿ. ಮುಂದಿನ ಗಾಜನ್ನು ಒಂದೇ ಕಡೆ ಹೆಚ್ಚು ಉಜ್ಜಿದರೆ ತಗ್ಗು ಬಿದ್ದು ದಾರಿ ಸೊಟ್ಟ ಕಾಣುತ್ತದೆ. ನಡೆಸುವವರ ಕಣ್ಣಿನ ಎದುರಿಗೇ ಗಾಯ ಇದ್ದರೆ ಗಾಜು ಬದಲಿಸುವುದೇ ಲೇಸು.

ಈ ಕಾರಣಕ್ಕೇ ನಾನು ಹೇಳುವುದು, ಕಲೆಗೆ ವಯಸ್ಸಾಗಲು ಬಿಡಬೇಡಿ. ಈ ವಾರದ ಚುಕ್ಕೆ ಒಂದು ನಿಂಬೆಹಣ್ಣಿಗೆ ಹೋಗುತ್ತದೆ. ವರ್ಷದ ಚುಕ್ಕೆಗೆ ದುಡ್ಡು ಬಿಚ್ಚಬೇಕಾಗುತ್ತದೆ.

ಬಾರದಂತೆ ಏನು ಮಾಡಬೇಕು?

ಮೊದಲನೆಯದು, ಬಿಸಿಲಿನಲ್ಲಿ ತೊಳೆಯಬೇಡಿ, ತೊಳೆದದ್ದನ್ನು ಒರೆಸದೆ ಬಿಡಬೇಡಿ. ಕಾರು ಪೂರ್ತಿ ತೊಳೆಯಲು ಬೋರವೆಲ್ ನೀರೇ ಇರಲಿ, ಗಾಜಿಗೆ ಮಾತ್ರ ಕೊನೆಯ ಎರಡು ತಂಬಿಗೆ ಮೆದು ನೀರು ಹಾಕಿದರೆ ಸಾಕು. ಕೈತೋಟಕ್ಕೆ, ಕುಂಡಗಳಿಗೆ ನೀರು ಬಿಡುವಾಗ ಗಾಡಿಯ ಮೇಲೆ ಸಿಡಿಯದಂತೆ ನೋಡಿಕೊಳ್ಳಿ. ಹನಿ ಸಿಡಿದರೂ ಸುಣ್ಣ ಸುಣ್ಣವೇ.

ಮಳೆ ನೀರನ್ನು ಹಿಡಿದಿಡಿ. ಮೊದಲ ಒಂದೆರಡು ಮಳೆಯ ನೀರಿನಲ್ಲಿ ಮಾಳಿಗೆಯ ಧೂಳು ಇರುತ್ತದೆ, ಅದನ್ನು ಗಿಡಕ್ಕೆ ಬಿಡಿ. ಆಮೇಲಿನದನ್ನು ಡ್ರಮ್ಮಿನಲ್ಲಿ ತುಂಬಿ, ಸೊಳ್ಳೆ ಮೊಟ್ಟೆ ಇಡದಂತೆ ಅರಿವೆ ಕಟ್ಟಿ ಮುಚ್ಚಿ. ಆ ನೀರಿನಲ್ಲಿ ಬೇಳೆಯೂ ಬೇಗ ಬೇಯುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಎ.ಸಿ. ಇರುವ ಮನೆಯವರು ಅದರ ಕೊಳವೆಯಿಂದ ತೊಟ್ಟಿಕ್ಕುವ ನೀರನ್ನು ಬುಟ್ಟಿಯಲ್ಲಿ ಹಿಡಿಯಬಹುದು. ಅದು ಗಾಳಿಯ ತೇವ ತಂಪಾಗಿ ಹನಿಯಾದದ್ದು, ಅದರಲ್ಲಿ ಸುಣ್ಣ ಇರುವುದಿಲ್ಲ. ಗಾಜಿಗೆ ಒಳ್ಳೆಯದು, ಕುಡಿಯಲು ಅಲ್ಲ.

ಇಲ್ಲಿ ಒಂದು ಮಾತು ಬಹಳ ಮುಖ್ಯ. ಮನೆಯಲ್ಲಿ ಆರ್‌.ಓ. ಯಂತ್ರ ಇಟ್ಟವರು ಅದು ಹೊರಗೆ ಬಿಡುವ ನೀರನ್ನು ಚೆಲ್ಲಲು ಮನಸ್ಸಾಗದೆ ಬಕೆಟ್ಟಿನಲ್ಲಿ ಹಿಡಿದು ಕಾರಿಗೆ ಹಾಕುತ್ತಾರೆ. ನೀರು ಉಳಿಸುವ ಬುದ್ಧಿ ಒಳ್ಳೆಯದೇ. ಆದರೆ ಆ ಯಂತ್ರ ಮಾಡುವ ಕೆಲಸವಾದರೂ ಏನು? ಕುಡಿಯುವ ನೀರಿನಿಂದ ತೆಗೆದ ಸುಣ್ಣ, ಉಪ್ಪು ಎಲ್ಲವನ್ನೂ ಈ ಹೊರನೀರಿಗೆ ತಳ್ಳುತ್ತದೆ. ಅದು ಬೋರವೆಲ್ ನೀರಿಗಿಂತ ಹೆಚ್ಚು ಗಡಸು. ಅದನ್ನು ಬಚ್ಚಲಿಗೆ, ಪಾಯಖಾನೆಗೆ ಬಳಸಿ. ಗಾಜಿನ ಹತ್ತಿರ ತರಬೇಡಿ.

ವೈಪರಿನ ರಬ್ಬರನ್ನು ತಿಂಗಳಿಗೊಮ್ಮೆ ಎತ್ತಿ ಹಸಿ ಅರಿವೆಯಿಂದ ಒರೆಸಿ. ಅದರ ಅಂಚಿನಲ್ಲಿ ಕೂತ ಮರಳು ಒಂದು ಮಳೆಯಲ್ಲೇ ಗಾಜಿಗೆ ಬಿಲ್ಲಿನಾಕಾರದ ಗೀರು ಎಳೆಯುತ್ತದೆ. ಒಣ ಗಾಜಿನ ಮೇಲೆ ವೈಪರ್ ಆಡಿಸಲು ಮಕ್ಕಳನ್ನು ಬಿಡಬೇಡಿ. ಅಂದ ಹಾಗೆ, ಕೈಯಿಂದ ಆಡಿಸುವ ವೈಪರಿಗೆ 1903ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದವರು ಒಬ್ಬ ಹೆಂಗಸು ಎಂದು ನಿಮಗೆ ಗೊತ್ತೇ? ಅಲಬಾಮಾ ರಾಜ್ಯದ ಮೇರಿ ಆಂಡರ್‌ಸನ್. ಆಕೆ ನ್ಯೂಯಾರ್ಕಿನಲ್ಲಿ ಟ್ರಾಮಿನಲ್ಲಿ ಕೂತಿದ್ದಾಗ, ಹಿಮ ಬಿದ್ದು ಮುಂದಿನದು ಕಾಣದೆ ಚಾಲಕ ಪಡುತ್ತಿದ್ದ ಪಾಡನ್ನು ನೋಡಿ ಈ ಉಪಾಯ ಯೋಚಿಸಿದರಂತೆ. ಆಗ ಅದನ್ನು ಕೊಳ್ಳುವವರೇ ಸಿಗಲಿಲ್ಲ. ಇಂದು ವೈಪರ್ ಇಲ್ಲದ ಕಾರು ಉಂಟೇ? ಗಾಜಿನ ವಿಷಯ ಹೆಂಗಸರದಲ್ಲ ಎನ್ನುವವರಿಗೆ ಈ ಕತೆ ಹೇಳಿ!

ಗಾಜಿನ ಒಳಬದಿಯನ್ನೂ ಮರೆಯಬೇಡಿ. ಕಾರಿನೊಳಗೆ ಗಣಪ್ಪನ ಮುಂದೆ ಊದಿನಕಡ್ಡಿ ಹಚ್ಚುವವರ ಗಾಜಿಗೆ ಒಳಗಿನಿಂದ ಜಿಡ್ಡಿನ ತೆಳ್ಳನೆಯ ಪೊರೆ ಹಿಡಿಯುತ್ತದೆ. ಅದಕ್ಕೆ ಹುಳಿ ಬೇಡ, ಸಾಬೂನಿನ ನೀರಿನಲ್ಲಿ ಹಿಂಡಿದ ಅರಿವೆ, ಆಮೇಲೆ ಒಣ ಅರಿವೆ ಸಾಕು.

ಕಾರು ಇಲ್ಲದವರು ‘ನಮಗೇನು ಉಪಯೋಗ’ ಎನ್ನಬೇಡಿ. ಬಚ್ಚಲ ಕನ್ನಡಿ, ಕಿಟಕಿಯ ಗಾಜು, ಸ್ಟೀಲ್ ಲೋಟದ ತಳದ ಬಿಳಿ, ಚಹಾ ಕಾಸುವ ಪಾತ್ರೆಯ ಒಳಗಿನ ಸುಣ್ಣ, ಎಲ್ಲಕ್ಕೂ ಇದೇ ನಿಂಬೆ ಉಪ್ಪಿನ ನೀರು. ಮೋಟರ್ ಸೈಕಲ್ಲಿನ ಕನ್ನಡಿಗೂ ಆಗಬಹುದು. ಹೆಲ್ಮೆಟ್ಟಿನ ಮುಂದಿನದು ಮಾತ್ರ ಪ್ಲಾಸ್ಟಿಕ್, ಬೇಗ ಗೀರು ಬೀಳುತ್ತದೆ. ಅದಕ್ಕೆ ಸಾಬೂನಿನ ನೀರು, ಮೆತ್ತಗಿನ ಅರಿವೆ ಬಿಟ್ಟು ಬೇರೇನೂ ಬೇಡ.

ಗಾಜು ಹಸನಾದ ದಿನ ಸಂಜೆ ಕತ್ತಲಾದ ಮೇಲೆ ನಾನೇ ನಮ್ಮ ಮನೆಯವರನ್ನು ಒತ್ತಾಯ ಮಾಡಿ ಹೊರಡಿಸಿದೆ. ‘ಬ್ಯಾಡ’ ಅಂದರು. ‘ಬಂಕಾಪುರದ ತನಕ ಹೋಗಿ ಬರೂಣು ನಡೀರಿ, ನಾನೂ ಬರ್ತೇನಿ’ ಅಂದೆ. ಎದುರಿನಿಂದ ಲಾರಿ ಬಂತು, ಬಸ್ಸು ಬಂತು. ದೀಪ ದೀಪವಾಗಿಯೇ ಕಂಡಿತು, ದಾರಿ ದಾರಿಯಾಗಿಯೇ ಕಂಡಿತು. ದಂಡೆಯಲ್ಲಿ ಎತ್ತು ಹೊಡೆದುಕೊಂಡು ಹೋಗುತ್ತಿದ್ದ ಮುದುಕನೂ ದೂರದಿಂದಲೇ ಕಂಡ. ನಮ್ಮ ಮನೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಂದ್ರ ನನ್ನ ಕಣ್ಣು ನೆಟ್ಟಗ ಅದಾವ’ ಅಂದರು. ನಾನು, ‘ಅದಾವ್ರಿ. ನನ್ನ ಕೈಯೇ ನೆಟ್ಟಗಿದ್ದಿಲ್ಲ’ ಅಂದೆ. ಬಹಳ ದಿನದ ಮೇಲೆ ನಕ್ಕರು.

ಒಂದು ಮಾತು ಮಾತ್ರ ಮರೆಯಬೇಡಿ. ಗಾಜು ಹಸನಾದ ಮೇಲೂ ಎದುರಿನ ದೀಪಕ್ಕೆ ಕಣ್ಣು ಕುಕ್ಕಿದರೆ, ದೀಪದ ಸುತ್ತ ಬಣ್ಣದ ಬಳೆ ಕಂಡರೆ, ಆಗ ತಡ ಮಾಡದೆ ಕಣ್ಣಿನ ಡಾಕ್ಟರರನ್ನು ಕಾಣಬೇಕು. ಗಾಜಿನ ಪೊರೆಗೆ ನಿಂಬೆಹಣ್ಣು ಇದೆ, ಕಣ್ಣಿನ ಪೊರೆಗೆ ಮನೆಮದ್ದು ಇಲ್ಲ.

ಇವತ್ತು ಸಂಜೆ ಹೊತ್ತು ಇಳಿಯುವಾಗ ಒಮ್ಮೆ ನಿಮ್ಮ ಅಂಗಳದ ಗಾಡಿಯ ಗಾಜನ್ನು ಓರೆಯಾಗಿ ನಿಂತು ನೋಡಿ. ಚುಕ್ಕೆ ಕಂಡರೆ ನಾಳೆಗೆ ಇಡಬೇಡಿ. ನಿಮ್ಮ ಊರಿನ ನೀರು ಹೇಗಿದೆ, ನೀವು ಏನು ಉಪಾಯ ಮಾಡುತ್ತೀರಿ ಎಂದು ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಸವಳು ನೀರಿನಲ್ಲಿ ಬೇಳೆ ಹದವಾಗಿ ಬೇಯಿಸುವ ಬಗೆ ನೋಡೋಣ.